ಬ್ಯಾಕ್ಟೀರಿಯಾ ಕೊಲ್ಲುವ ಮದ್ದು, ಲೋಹ, ಬಟ್ಟೆ: ನಮ್ಮ ಕಡೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಸೂಕ್ಷ್ಮಜೀವಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ತವರು ಬಾಗಲಕೋಟೆ ಜಿಲ್ಲೆ. ಅಕ್ಕನನ್ನು ಕೊಟ್ಟಿದ್ದು ವಿಜಯಪುರದ ಕಡೆ. ಹಾಗಾಗಿ ಮೂರೂ ಜಿಲ್ಲೆಗಳ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸಂತೆಯಲ್ಲಿ ನನಗೆ ಪ್ರಶ್ನೆಗಳು ಸಿಗುತ್ತಲೇ ಇರುತ್ತವೆ. ಪತ್ರ, ಮೆಸೇಜು ಬೇರೆ. ಜಾಸ್ತಿ ಸಲ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಾಲೇಜು ಹುಡುಗರು ಕೇಳುವಂಥವು ಕೊನೆಗೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮೈಗೆ ಯಾವ ಗುಳಿಗೆ, ಎಷ್ಟು ದಿನ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

## ಮೊದಲಿಗೆ ಕೇಳುವವು

ಮೇಡಂ, ಬ್ಯಾಕ್ಟೀರಿಯಾ, ವೈರಸ್ ಎರಡೂ ಒಂದ ಅಲ್ಲೇನ್ರೀ?

ಅಲ್ಲ. ಬ್ಯಾಕ್ಟೀರಿಯಾ ಒಂಟಿ ಜೀವಕೋಶ. ತಾನೇ ಉಣ್ಣುತ್ತದೆ, ತಾನೇ ಎರಡಾಗಿ ಸೀಳಿ ಬೆಳೆಯುತ್ತದೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುತ್ತೀರಲ್ಲ, ಬೆಳಗಾಗುವುದರೊಳಗೆ ಅದನ್ನು ಮೊಸರು ಮಾಡಿರುವುದು ಬ್ಯಾಕ್ಟೀರಿಯಾ. ವೈರಸ್ ಅದಕ್ಕಿಂತ ಬಹಳ ಚಿಕ್ಕದು. ಅದಕ್ಕೆ ಸ್ವಂತ ಅಡುಗೆಮನೆ ಇಲ್ಲ. ಇನ್ನೊಂದು ಜೀವಕೋಶದೊಳಗೆ ಹೊಕ್ಕು ಅಲ್ಲಿನ ಸಾಮಾನು ಬಳಸಿಯೇ ಅದು ಹೆಚ್ಚಬೇಕು.

ಪೆನ್ಸಿಲಿನ್ ಥರದ ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವುದನ್ನು ತಡೆಯುತ್ತದೆ. ಇನ್ನು ಕೆಲವು ಅದರ ಪ್ರೋಟೀನ್ ತಯಾರಿಯನ್ನು ನಿಲ್ಲಿಸುತ್ತವೆ. ವೈರಸ್‌ಗೆ ಆ ಗೋಡೆಯೂ ಇಲ್ಲ, ಆ ತಯಾರಿಯೂ ಇಲ್ಲ. ಮತ್ತೆ ಔಷಧ ಹಿಡಿಯುವುದು ಯಾವುದನ್ನು?

ನೆಗಡಿ ಜ್ವರ ಬಂದ್ರ ಮೆಡಿಕಲ್‌ನಾಗ ಮೂರು ದಿನದ ಗುಳಿಗಿ ಕೊಡ್ತಾರ. ತಗೊಂಡ್ರ ಆರಾಮ ಆಗ್ತೈತಿ. ತಪ್ಪೇನು?

ನೆಗಡಿ ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ. ಗುಳಿಗೆ ನುಂಗಿದರೂ ನುಂಗದಿದ್ದರೂ ಕೆಲ ದಿನಗಳಲ್ಲಿ ತಾನೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ನೀವು ಗುಳಿಗೆ ತಗೊಂಡಿರುತ್ತೀರಿ, ಕೀರ್ತಿ ಗುಳಿಗೆಗೆ ಹೋಗುತ್ತದೆ. ಆದರೆ ನಿಮ್ಮ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾ ಇವೆ. ಆ ಔಷಧ ಅವುಗಳ ಮೇಲೆ ಬೀಳುತ್ತದೆ. ಬಗ್ಗದೆ ಉಳಿದವು ಅಲ್ಲೇ ಸಂಸಾರ ಹೂಡುತ್ತವೆ. ಮುಂದೊಂದು ದಿನ ನಿಜವಾಗಿ ಸೋಂಕಾದಾಗ ಅದೇ ಗುಳಿಗೆ ನಾಟುವುದಿಲ್ಲ.

ಆಂಟಿಬಯೋಟಿಕ್ ಗುಳಿಗೆಯ ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂಬುದೇ ಅದರ ಅರ್ಥ. 2014ರ ಮಾರ್ಚ್‌ನಿಂದ ಇನ್ನೂ ಬಿಗಿಯಾದ ಒಂದು ಪಟ್ಟಿ ಜಾರಿಯಲ್ಲಿದೆ, ಎಚ್1 ಅಂತ. ಆ ಪಟ್ಟಿಯ ಔಷಧ ಮಾರಿದರೆ ಅಂಗಡಿಯವರು ಬೇರೆ ಪುಸ್ತಕದಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಮೂರು ವರ್ಷ ಕಾಯ್ದಿಡಬೇಕು.

ಎರಡು ದಿನಕ್ಕ ಆರಾಮ ಆದ್ರ ಉಳಿದ ಗುಳಿಗಿ ಬಿಡಬಹುದಾ?

ನೀವಾಗಿಯೇ ಬಿಡಬೇಡಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇದರಲ್ಲಿ ಸಂಶೋಧಕರ ಮಾತು ಈಚೆಗೆ ಸ್ವಲ್ಪ ಬದಲಾಗಿದೆ. ಎಷ್ಟೋ ಸೋಂಕುಗಳಿಗೆ ಹಿಂದೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದಿನ ಸಾಕು ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಹಾಗಾಗಿ ಡಾಕ್ಟರು ಐದೇ ದಿನಕ್ಕೆ ಬರೆದುಕೊಟ್ಟರೆ ಕಡಿಮೆ ಆಯಿತು ಅಂತ ಕೊರಗಬೇಡಿ. ಕ್ಷಯಕ್ಕೆ ಮಾತ್ರ ಈ ಮಾತು ಅನ್ವಯಿಸಬೇಡಿ. ಅದರ ಬ್ಯಾಕ್ಟೀರಿಯಾ ಬಹಳ ನಿಧಾನದ್ದು, ಅಡಗಿ ಕೂರುವಂಥದ್ದು. ಕೆಮ್ಮು ನಿಂತಿತು ಅಂತ ನಡುವೆ ಬಿಟ್ಟವರಿಗೆ ಮರಳಿ ಬರುವ ಕ್ಷಯ ಔಷಧಕ್ಕೆ ಬಗ್ಗದ ಕ್ಷಯವಾಗಿರಬಹುದು. ಉಳಿದ ಗುಳಿಗೆಗಳನ್ನು ಮುಂದಿನ ಸಲಕ್ಕೆ ಅಂತ ಡಬ್ಬಿಯಲ್ಲಿ ಎತ್ತಿಡುವುದು, ನೆರೆಮನೆಯವರಿಗೆ ಕೊಡುವುದು ಎರಡೂ ಬೇಡ.

ಅಷ್ಟು ಸಣ್ಣ ಹುಳ ಔಷಧ ಅರಗಿಸಿಕೊಳ್ಳೂದ ಹೆಂಗ್ರೀ ಕಲೀತಾವು?

ಕಲಿಯುವುದು ಅನ್ನುವುದಕ್ಕಿಂತ, ಉಳಿದದ್ದು ಬೆಳೆಯುತ್ತದೆ ಅನ್ನಬೇಕು. ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ, ಹೊಟ್ಟೆ ತುಂಬ ಊಟ, ಹದವಾದ ಬಿಸಿ ಸಿಕ್ಕರೆ, 20 ನಿಮಿಷಕ್ಕೆ ಎರಡಾಗುತ್ತದೆ. ಅಷ್ಟು ವೇಗದಲ್ಲಿ ತನ್ನ ಡಿಎನ್‌ಎ ಬರಹವನ್ನು ನಕಲು ಮಾಡುವಾಗ ಅಲ್ಲಲ್ಲಿ ತಪ್ಪಾಗುತ್ತದೆ. ಸಾವಿರಾರು ತಪ್ಪುಗಳಲ್ಲಿ ಯಾವುದೋ ಒಂದು ಅದನ್ನು ಔಷಧದಿಂದ ಕಾಯುತ್ತದೆ. ಔಷಧ ಬಿದ್ದಾಗ ಉಳಿದವೆಲ್ಲ ಸತ್ತು ಅದೊಂದೇ ಉಳಿಯುತ್ತದೆ. ಇಡೀ ಹೊಲ ಅದರದ್ದೇ ಆಗುತ್ತದೆ.

ಕಾಯುವ ದಾರಿಗಳು ಹಲವು. ಕೆಲವು ಔಷಧವನ್ನು ಕತ್ತರಿಸುವ ಕಿಣ್ವ ಮಾಡುತ್ತವೆ. ಕೆಲವು ಒಳಗೆ ಬಂದ ಔಷಧವನ್ನು ಪಂಪಿನಂತೆ ಹೊರಗೆ ಎತ್ತಿ ಹಾಕುತ್ತವೆ. ಕೆಲವು ಔಷಧ ಅಂಟಿಕೊಳ್ಳುವ ಜಾಗವನ್ನೇ ಬದಲಿಸಿಕೊಳ್ಳುತ್ತವೆ. ನನಗೆ ಜಾಸ್ತಿ ಚಿಂತೆ ತರುವುದು ಇನ್ನೊಂದು. ಒಂದು ಬ್ಯಾಕ್ಟೀರಿಯಾ ಈ ವಿದ್ಯೆಯನ್ನು ಪುಟ್ಟ ಡಿಎನ್‌ಎ ಉಂಗುರದಲ್ಲಿ ಇಟ್ಟು ಪಕ್ಕದ್ದಕ್ಕೆ ಕೊಡುತ್ತದೆ. ರೈತರು ಬೀಜ ಕೊಟ್ಟು ತಗೊಂಡಂತೆ. ಬೇರೆ ಜಾತಿಯದಕ್ಕೂ ಕೊಡುತ್ತದೆ. ಐಸಿಯುಗಳಲ್ಲಿ ಬಳಸುವ ಬಲವಾದ ಔಷಧಗಳನ್ನೇ ಕತ್ತರಿಸುವ ಎನ್‌ಡಿಎಂ-1 ಎಂಬ ಕಿಣ್ವ ಹರಡಿದ್ದು ಹೀಗೆ. 2019ನೇ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ತೀರಿಕೊಂಡರು ಅಂತ 2022ರಲ್ಲಿ ಬಂದ ದೊಡ್ಡ ಲೆಕ್ಕ ಹೇಳುತ್ತದೆ.

## ಮನೆಯಲ್ಲಿ ಇರುವ ಮದ್ದು

ಗಾಯಕ್ಕ ಅರಿಶಿಣ ಹಚ್ಚಿದ್ರ ಸಾಕಲ್ರೀ? ಲ್ಯಾಬಿನಾಗೂ ಅದು ಬ್ಯಾಕ್ಟೀರಿಯಾ ಕೊಲ್ತೈತಿ ಅಂತಾರಲ್ಲ?

ಕೊಲ್ಲುತ್ತದೆ, ಲ್ಯಾಬಿನ ತಟ್ಟೆಯಲ್ಲಿ. ಈ ಬರಹದ ತುಂಬ ಇದೇ ಮಾತು ಮತ್ತೆ ಬರುತ್ತದೆ. ತಟ್ಟೆಯಲ್ಲಿ ಸತ್ತದ್ದೆಲ್ಲ ಮೈಯಲ್ಲಿ ಸಾಯುವುದಿಲ್ಲ. ಅರಿಶಿನದ ಮುಖ್ಯ ಅಂಶ ಕರ್ಕ್ಯುಮಿನ್. ಅದು ನೀರಿನಲ್ಲಿ ಕರಗುವುದಿಲ್ಲ. ತಿಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸೇರಿದ್ದನ್ನೂ ಈಲಿ (ಲಿವರ್) ಬೇಗ ಒಡೆದು ಹಾಕುತ್ತದೆ. ಸಾಲದ್ದಕ್ಕೆ ಅದು ತಾನೇ ಹೊಳೆಯುತ್ತದೆ, ಸಿಕ್ಕ ಪ್ರೋಟೀನಿಗೆಲ್ಲ ಅಂಟುತ್ತದೆ. ಹಾಗಾಗಿ ಪರೀಕ್ಷೆಗಳಲ್ಲಿ ಇಲ್ಲದ ಗುಣ ಇದ್ದಂತೆ ತೋರುತ್ತದೆ. 2017ರಲ್ಲಿ ಔಷಧ ರಸಾಯನ ತಜ್ಞರು ಇದನ್ನು ವಿವರವಾಗಿ ಬರೆದು ಎಚ್ಚರಿಸಿದರು.

ಇನ್ನೊಂದು ವಿಷಯ. ಅಡುಗೆಮನೆಯ ಅರಿಶಿನ ಪುಡಿ ಶುದ್ಧ ಮಾಡಿದ ಔಷಧ ಅಲ್ಲ. ಒಣಗಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳು ಮಸಾಲೆ ಪುಡಿಗಳಲ್ಲಿ ಇರುತ್ತವೆ. ತೆರೆದ ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ, ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಆಳವಾಗಿದ್ದರೆ, ಮಣ್ಣು ಸೇರಿದ್ದರೆ ಧನುರ್ವಾಯು ಇಂಜೆಕ್ಷನ್ ಬೇಕು. ಅಜ್ಜಿಯ ಮದ್ದನ್ನು ನಾನು ಹಗುರ ಮಾಡುತ್ತಿಲ್ಲ. ಜೇನುತುಪ್ಪವನ್ನೇ ನೋಡಿ. ಅದರಲ್ಲಿ ನೀರಿನಂಶ ಕಡಿಮೆ, ಹುಳಿ ಇದೆ, ಅದರಲ್ಲಿರುವ ಒಂದು ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಇಷ್ಟು ಗೊತ್ತಾದ ಮೇಲೆ ಅದನ್ನು ವಿಕಿರಣದಿಂದ ಶುದ್ಧ ಮಾಡಿ ಆಸ್ಪತ್ರೆಯ ಗಾಯಕ್ಕೆ ಹಚ್ಚುವ ಹಾಗೆ ಮಾಡಿದರು. ಅಜ್ಜಿಯ ಮದ್ದಿಗೂ ಆಸ್ಪತ್ರೆಯ ಮದ್ದಿಗೂ ನಡುವೆ ಇರುವ ಕೆಲಸ ಅದು. ಬೆಳಗಾವಿಯಲ್ಲೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ. ನಾಟಿ ಮದ್ದಿನ ಗಿಡಗಳನ್ನು ಹೀಗೆ ಒರೆಗೆ ಹಚ್ಚುವುದೇ ಅಂಥ ಸಂಸ್ಥೆಗಳ ಕೆಲಸ.

ತಾಮ್ರದ ಕೊಡದಾಗ ನೀರಿಟ್ರ ನಿಜಕ್ಕೂ ಶುದ್ಧ ಆಗ್ತಾವೇನ್ರೀ?

ಬ್ಯಾಕ್ಟೀರಿಯಾ ಮಟ್ಟಿಗೆ ಹೌದು, ಸಮಯ ಕೊಟ್ಟರೆ. ಬೆಂಗಳೂರಿನ ಸಂಶೋಧಕರು ನೀರಿಗೆ ಕಾಲರಾ, ಆಮಶಂಕೆ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದರು. ಆಮೇಲೆ ಒಂದನ್ನೂ ಬೆಳೆಸಲು ಆಗಲಿಲ್ಲ. ನೀರಿಗೆ ಇಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಒಳಗೇ ಇತ್ತು. 2012ರಲ್ಲಿ ಅದು ಪ್ರಕಟವಾಯಿತು. ತಾಮ್ರದ ಅಯಾನುಗಳು, ಅಂದರೆ ವಿದ್ಯುತ್ ಅಂಶ ಹೊತ್ತ ಪುಟ್ಟ ಕಣಗಳು, ಬ್ಯಾಕ್ಟೀರಿಯಾದ ಪೊರೆಯನ್ನು ಹರಿಯುತ್ತವೆ, ಒಳಗಿನ ಪ್ರೋಟೀನುಗಳನ್ನು ಕೆಡಿಸುತ್ತವೆ. ಒಣ ತಾಮ್ರದ ಮೇಲೂ ಇದು ನಡೆಯುತ್ತದೆ. ತಾಮ್ರದ ಮಿಶ್ರಲೋಹಗಳ ಮೇಲೆ ಎರಡು ಗಂಟೆಯಲ್ಲಿ ಶೇ 99.9ರಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಹೇಳಿಕೊಳ್ಳಲು ಅಮೆರಿಕದ ಪರಿಸರ ಇಲಾಖೆ 2008ರಲ್ಲಿ ಒಪ್ಪಿತು. ಆಸ್ಪತ್ರೆಯ ಬಾಗಿಲ ಹಿಡಿ, ಮಂಚದ ಕಂಬಿಗಳಿಗೆ ತಾಮ್ರ ಹಾಕಿ ನೋಡುವ ಕೆಲಸ ಶುರುವಾದದ್ದು ಹೀಗೆ.

ಆದರೆ ಕೊಡ ಒಳಗೆ ಕಿಲುಬು, ಜಿಡ್ಡು ಹಿಡಿದಿದ್ದರೆ ನೀರಿಗೆ ತಾಮ್ರವೇ ತಾಗುವುದಿಲ್ಲ. ಹುಣಸೆಹಣ್ಣು ಹಚ್ಚಿ ಉಜ್ಜುವ ರೂಢಿ ಬಹಳ ಸರಿಯಾದದ್ದು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಇರುವ ಫ್ಲೋರೈಡ್ ತಾಮ್ರದಿಂದ ಹೋಗುವುದಿಲ್ಲ. ಮತ್ತೆ ಮಜ್ಜಿಗೆ, ಸಾರು, ಲಿಂಬೆ ಪಾನಕ ಯಾವುದನ್ನೂ ಬರೀ ತಾಮ್ರದಲ್ಲಿ ಇಡಬೇಡಿ. ಹುಳಿಗೆ ತಾಮ್ರ ಜಾಸ್ತಿ ಕರಗಿ ವಾಂತಿ ಆಗುತ್ತದೆ. ಹಿಂದಿನವರು ಅಡುಗೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ಸುಮ್ನೆ ಅಲ್ಲ.

99.9 ಪರ್ಸೆಂಟ್ ಕೊಲ್ಲುವ ಸೋಪು ಅಂತಾರೆ. ತಗೋಬೇಕಾ?

ಮನೆಗೆ ಸಾದಾ ಸೋಪು ಸಾಕು. ಅದು ಕೊಲ್ಲುವುದಕ್ಕಿಂತ ಜಿಡ್ಡಿನ ಜೊತೆ ಎಬ್ಬಿಸಿ ತೊಳೆದುಹಾಕುತ್ತದೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಸೋಪಿನಿಂದ ತೆಗೆಸಿದರು. ಸಾದಾ ಸೋಪಿಗಿಂತ ಅವು ಮೇಲು ಅಂತ ಕಂಪನಿಗಳು ತೋರಿಸಿಕೊಡಲಿಲ್ಲ.

99.9ರ ಲೆಕ್ಕ ನೋಡಿ. ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದಲ್ಲಿ ಸಾವಿರ ಉಳಿದವು ಅನ್ನೋಣ. ಊಟ ಸಿಕ್ಕು ಅವು 20 ನಿಮಿಷಕ್ಕೊಮ್ಮೆ ಎರಡಾದರೆ, ಹತ್ತು ಸಲ ಎರಡಾಗುವಷ್ಟರಲ್ಲಿ ಮತ್ತೆ ಹತ್ತು ಲಕ್ಷ. ಮೂರು ಗಂಟೆ 20 ನಿಮಿಷ ಸಾಕು. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಎಷ್ಟು ಹೊತ್ತಿನಲ್ಲಿ, ಯಾವ ಬ್ಯಾಕ್ಟೀರಿಯಾ ಮೇಲೆ ಅಂತ ಕೇಳಬೇಕು.

## ಆಸ್ಪತ್ರೆ, ಹೊಲ, ಕೊಟ್ಟಿಗೆ

ಕಲ್ಚರ್ ರಿಪೋರ್ಟಿನಲ್ಲಿ ಎಸ್, ಆರ್ ಅಂತ ಬರೆದಿರ್ತಾರಲ್ಲ, ಅದನ್ನು ಓದೋದು ಹೇಗೆ? ಅದಕ್ಕೆ ಮೂರು ದಿನ ಯಾಕೆ ಬೇಕು?

ಕೀವು, ಮೂತ್ರ ಅಥವಾ ರಕ್ತ ಬಂದಾಗ ನಾವು ಮೊದಲು ಅದರಲ್ಲಿನ ಬ್ಯಾಕ್ಟೀರಿಯಾವನ್ನು ಪೋಷಕಾಂಶ ತುಂಬಿದ ತಟ್ಟೆಯಲ್ಲಿ ಬೆಳೆಸಬೇಕು. ಅದಕ್ಕೆ ಒಂದು ರಾತ್ರಿ. ಯಾವ ಜಾತಿ ಅಂತ ಗುರುತಿಸಬೇಕು. ಆಮೇಲೆ ಅದನ್ನೇ ಇನ್ನೊಂದು ತಟ್ಟೆಯ ತುಂಬ ಸವರಿ, ಬೇರೆ ಬೇರೆ ಔಷಧದ ಪುಟ್ಟ ಬಿಲ್ಲೆಗಳನ್ನಿಟ್ಟು ಮತ್ತೊಂದು ರಾತ್ರಿ ಕಾಯಬೇಕು. ಔಷಧ ನಾಟಿದ ಬಿಲ್ಲೆಯ ಸುತ್ತ ಬೆಳೆ ಇಲ್ಲದ ಬೋಳು ವರ್ತುಲ ಕಾಣುತ್ತದೆ. ಅಳೆದು ಬರೆಯುತ್ತೇವೆ. ಎಸ್ ಅಂದರೆ ಔಷಧ ನಾಟುತ್ತದೆ. ಆರ್ ಅಂದರೆ ನಾಟುವುದಿಲ್ಲ. ಐ ಅಂದರೆ ನಡುವಿನದು, ಡೋಸ್ ಹೆಚ್ಚಿಸಿದರೆ ಕೆಲಸ ಮಾಡಬಹುದು.

ದೊಡ್ಡ ವರ್ತುಲದ ಔಷಧವೇ ಒಳ್ಳೆಯದು ಅಂತ ಎಷ್ಟೋ ಜನ ತಿಳಿಯುತ್ತಾರೆ. ಹಾಗಲ್ಲ. ಒಂದೊಂದು ಔಷಧ ಒಂದೊಂದು ವೇಗದಲ್ಲಿ ಹರಡುತ್ತದೆ. ಒಂದರ ಅಳತೆಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ.

ಇಲ್ಲಿ ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ಅಕ್ಕನ ಗಂಡ, ನಮ್ಮ ಮಾಮಾ, ಸಕ್ಕರೆ ಕಾಯಿಲೆಯವರು. ಕಬ್ಬು ಕಡಿಸುವಾಗ ಕಾಲಿಗೆ ರವದಿ ತಾಗಿ ಸೀಳಿತು. ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಬಲವಾದ ಆಂಟಿಬಯೋಟಿಕ್ ಕೊಟ್ಟ ಮೇಲೆ ಕೀವು ಲ್ಯಾಬಿಗೆ ಕಳಿಸಿದರು. ಅದೂ ಹುಣ್ಣಿನ ಮೇಲ್ಮೈಯಿಂದ ಹತ್ತಿಯಲ್ಲಿ ಒರೆಸಿದ್ದು. ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬಂತು. ಬೆಳೆಯುವುದಾದರೂ ಹೇಗೆ? ಔಷಧ ಮೇಲಿನವನ್ನು ತಟಸ್ಥ ಮಾಡಿತ್ತು, ಒಳಗಿನವು ಆರಾಮಾಗಿದ್ದವು. ಮುಂದೆ ಬೇರೆ ಕಡೆ ಗಾಯ ತೊಳೆದು, ಆಳದಿಂದ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದಾಗ ಸರಿಯಾದ ಔಷಧ ಸಿಕ್ಕಿತು. ಅಷ್ಟರಲ್ಲಿ ಕಿರುಬೆರಳು ಹೋಗಿತ್ತು. ನಾನು ಅದೇ ಕೆಲಸದಲ್ಲಿದ್ದೂ ಮೊದಲ ದಿನ ಫೋನ್ ಮಾಡಿ ಕೇಳಲಿಲ್ಲ. ಇವತ್ತಿಗೂ ಅದು ಕೊರೆಯುತ್ತದೆ. ಆದ್ದರಿಂದ ಎಲ್ಲರಿಗೂ ಹೇಳುತ್ತೇನೆ: ಕಲ್ಚರ್ ಮಾಡಿಸುವುದಿದ್ದರೆ ಸಾಧ್ಯವಾದಷ್ಟೂ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಮಾದರಿ ಕಳಿಸುತ್ತೀರಾ ಅಂತ ಡಾಕ್ಟರನ್ನು ಕೇಳಿ. ತೀವ್ರ ಜ್ವರ, ಮಂಪರು ಇದ್ದಾಗ ಮಾತ್ರ ಔಷಧ ತಡ ಮಾಡುವಂತಿಲ್ಲ.

ದಾಳಿಂಬಿಗೆ ಅಂಗಮಾರಿ ಬಂದೈತಿ. ಸ್ಟ್ರೆಪ್ಟೊಸೈಕ್ಲಿನ್ ಹೊಡೀಬ್ಯಾಡ್ರಿ ಅಂತೀರಿ. ಮತ್ತ ಏನ್ ಹೊಡೀಬೇಕು?

ಈ ಪ್ರಶ್ನೆ ಕೇಳುವಾಗ ರೈತರ ದನಿಯಲ್ಲಿ ಇರುವ ಸಂಕಟ ನನಗೆ ಗೊತ್ತು. ಎಲೆಯ ಮೇಲೆ ಎಣ್ಣೆ ಚುಕ್ಕೆ, ಆಮೇಲೆ ಹಣ್ಣಿನ ಮೇಲೆ ಕಪ್ಪು ಕಲೆ, ಕೊನೆಗೆ ಹಣ್ಣೇ ಸೀಳುತ್ತದೆ. ಇದನ್ನು ತರುವುದು ಜ್ಯಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಬಾಗಲಕೋಟೆ, ವಿಜಯಪುರದ ಎಷ್ಟೋ ತೋಟಗಳನ್ನು ಕಿತ್ತು ಹಾಕಿಸಿದ ರೋಗ.

ಸ್ಟ್ರೆಪ್ಟೊಸೈಕ್ಲಿನ್ ಪೊಟ್ಟಣದಲ್ಲಿ ಇರುವುದು ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧ. ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ಸಿಕ್ಕ ಮೊದಲ ಆಂಟಿಬಯೋಟಿಕ್. ಗಿಡಕ್ಕೆ ಹೊಡೆದದ್ದರಲ್ಲಿ ಬಹುಪಾಲು ಮಣ್ಣಿಗೆ, ಮಳೆ ಬಂದರೆ ಹಳ್ಳಕ್ಕೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತವೆ. ತೋಟದ ಜ್ಯಾಂಥೊಮೊನಾಸ್ ಕೂಡ ಒಗ್ಗಿಕೊಳ್ಳುತ್ತದೆ. ಮೊದಲಿನ ಡೋಸ್‌ಗೆ ಈಗ ಹಿಡಿತ ಸಿಗುತ್ತಿಲ್ಲ ಅಂತ ನೀವೇ ಹೇಳುತ್ತೀರಿ, ಅಲ್ವಾ? ಬೆಳೆಗಳಲ್ಲಿ ಇದರ ಬಳಕೆಯನ್ನು ಹಂತ ಹಂತವಾಗಿ ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಕೊನೆಯಲ್ಲಿ ಕರಡು ಆದೇಶ ಹೊರಡಿಸಿತು.

ಕೆಲಸ ಮಾಡುವುದು ಒಂದು ಸ್ಪ್ರೇ ಅಲ್ಲ, ಇಡೀ ವರ್ಷದ ಶಿಸ್ತು. ರೋಗವಿಲ್ಲದ ಸಸಿ ತನ್ನಿ. ಈ ಬ್ಯಾಕ್ಟೀರಿಯಾ ಮಳೆ ಹನಿಯ ಜೊತೆ ಸಿಡಿದು ಹರಡುತ್ತದೆ, ಹಾಗಾಗಿ ಮಳೆಗಾಲದಲ್ಲಿ ಹಣ್ಣು ಬೆಳೆಯುವ ಮೃಗ ಬಹಾರಕ್ಕಿಂತ, ಮಳೆ ಇಳಿಯುವ ಹೊತ್ತಿಗೆ ಹೂ ಬಿಡಿಸುವ ಹಸ್ತ ಬಹಾರ ಸುರಕ್ಷಿತ. ಚಾಟನಿ ಮಾಡುವ, ಅಂದರೆ ಟೊಂಗೆ ಸವರುವ ಕತ್ತರಿಯನ್ನು ಪ್ರತಿ ಗಿಡಕ್ಕೂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಕಡಿದ ಟೊಂಗೆ, ಬಿದ್ದ ಎಲೆ ಸುಟ್ಟುಹಾಕಿ. ಶೇ 1ರ ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಹೊಡೆಯಿರಿ. ಗಿಡಕ್ಕೆ ವಿಶ್ರಾಂತಿ ಕೊಡಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಎರಡೂ ನಮಗೆ ಹತ್ತಿರ. ಪೊಟ್ಟಣ ಮಾರುವ ಅಂಗಡಿಗಿಂತ ಮೊದಲು ಅಲ್ಲಿಗೆ ಹೋಗಿ.

ಎಮ್ಮಿಗೆ ಕೆಚ್ಚಲ ಬಾವು ಆದಾಗ ಇಂಜೆಕ್ಷನ್ ಕೊಡಿಸೀವಿ. ಹಾಲು ಕಾಸಿದ್ರ ಔಷಧ ಹೋಗ್ತೈತಲ್ಲ?

ಇಲ್ಲ. ಬಹಳಷ್ಟು ಆಂಟಿಬಯೋಟಿಕ್‌ಗಳು ಹಾಲು ಉಕ್ಕಿಸಿದರೂ ಉಳಿಯುತ್ತವೆ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ಸಲ ಮೊಸರೇ ಆಗುವುದಿಲ್ಲ. ಉಳಿದ ಔಷಧ ಹೆಪ್ಪಿನ ಬ್ಯಾಕ್ಟೀರಿಯಾವನ್ನು ಕೊಂದಿರುತ್ತದೆ. ದೊಡ್ಡ ಡೇರಿಗಳು ಹಾಲು ಪರೀಕ್ಷಿಸುವ ಒಂದು ವಿಧಾನ ನಿಂತಿರುವುದೂ ಇದೇ ತತ್ವದ ಮೇಲೆ. ಕೋಳಿ ಸಾಕುವವರೂ ಕೇಳುತ್ತಾರೆ. ಕೊಲಿಸ್ಟಿನ್ ಎಂಬ ಔಷಧ ಮನುಷ್ಯರಿಗೆ ಕೊನೆಯ ಆಸರೆ. ಅದನ್ನು ಕೋಳಿ, ದನ, ಮೀನು ಸಾಕಣೆಯಲ್ಲಿ ಬಳಸುವುದನ್ನು 2019ರ ಜುಲೈನಲ್ಲಿ ನಮ್ಮ ದೇಶ ನಿಷೇಧಿಸಿದೆ.

## ಹೊಸ ವಸ್ತುಗಳು

ಸುಟ್ಟ ಗಾಯಕ್ಕೆ ಬೆಳ್ಳಿ ಇರುವ ಪಟ್ಟಿ ಬರೆದುಕೊಟ್ಟಿದ್ದಾರೆ. ಅಷ್ಟು ದುಡ್ಡು ಕೊಡುವುದಕ್ಕೆ ಬೆಲೆ ಇದೆಯಾ?

ಬೆಳ್ಳಿ ಹಳೆಯ, ನಂಬಿಕೆಯ ವಸ್ತು. ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು 1960ರ ದಶಕದಿಂದ ಸುಟ್ಟ ಗಾಯಕ್ಕೆ ಬಳಕೆಯಲ್ಲಿದೆ. ಪಟ್ಟಿಯಲ್ಲಿರುವ ಬೆಳ್ಳಿ ಗಾಯದ ತೇವಕ್ಕೆ ನಿಧಾನವಾಗಿ ಅಯಾನುಗಳನ್ನು ಬಿಡುತ್ತದೆ. ಹಾಗಾಗಿ ದಿನಕ್ಕೆರಡು ಸಲ ಪಟ್ಟಿ ಕಿತ್ತು ಹಚ್ಚುವ ನೋವು ತಪ್ಪುತ್ತದೆ. ಸುಟ್ಟ ಮಗುವಿನ ಪಟ್ಟಿ ಬದಲಿಸುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಎಲ್ಲ ಗಾಯಕ್ಕೂ ಬೇಡ. ಬೆಳ್ಳಿ ಹೊಸದಾಗಿ ಬೆಳೆಯುವ ಚರ್ಮದ ಜೀವಕೋಶಗಳಿಗೂ ಸ್ವಲ್ಪ ತೊಂದರೆ ಕೊಡುತ್ತದೆ. ಸೋಂಕಿಲ್ಲದೆ ಚೆನ್ನಾಗಿ ಮಾಯುತ್ತಿರುವ ಗಾಯಕ್ಕೆ ಸಾದಾ ತೇವದ ಪಟ್ಟಿ ಸಾಕಾಗಬಹುದು, ಡಾಕ್ಟರನ್ನು ಕೇಳಿ. ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ ಇವೆ. ಆಸ್ಪತ್ರೆಯ ಸುಟ್ಟ ಗಾಯಗಳ ವಾರ್ಡಿನಲ್ಲಿ 1970ರ ದಶಕದಲ್ಲೇ ಅವು ಸಿಕ್ಕಿದ್ದವು.

ನಾವು ಗುಳೇದಗುಡ್ಡದ ನೇಕಾರರು. ಖಣಕ್ಕೆ ಬ್ಯಾಕ್ಟೀರಿಯಾ ತಡೆಯುವ ಲೇಪ ಹಾಕಿದ್ರೆ ಮಾರ್ಕೆಟ್ ಸಿಗುತ್ತಾ?

ಲೇಪ ಹಾಕಲು ಬರುತ್ತದೆ. ಬೆಳ್ಳಿ, ಸತುವಿನ ಆಕ್ಸೈಡ್, ಸೀಗಡಿ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಇವೆಲ್ಲ ಬಳಕೆಯಲ್ಲಿವೆ. ಐಎಸ್‌ಒ 20743 ಎಂಬ ಪರೀಕ್ಷೆ ಇದೆ. ಲೇಪ ಹಾಕಿದ ಬಟ್ಟೆ, ಹಾಕದ ಬಟ್ಟೆ ಎರಡರ ಮೇಲೂ ಲೆಕ್ಕ ಹಾಕಿದ ಬ್ಯಾಕ್ಟೀರಿಯಾ ಬಿಟ್ಟು, ಒಂದು ರಾತ್ರಿಯ ನಂತರ ಎಷ್ಟು ಉಳಿದವು ಅಂತ ಎಣಿಸುತ್ತಾರೆ. ಅಸಲಿ ಪರೀಕ್ಷೆ ಒಗೆದ ಮೇಲೆ. ಇಪ್ಪತ್ತು ಸಲ ಒಗೆದ ಬಟ್ಟೆಯನ್ನು ಪರೀಕ್ಷೆಗೆ ಕೊಟ್ಟು ನೋಡಿ. ಅಂಟಿಸಿದ್ದು ಸರಿಯಿಲ್ಲದಿದ್ದರೆ ಲೇಪವೆಲ್ಲ ಮೋರಿಗೆ ಹೋಗಿರುತ್ತದೆ, ಅಲ್ಲಿಂದ ಹೊಳೆಗೆ.

ನನ್ನ ಅನಿಸಿಕೆ ಕೇಳಿದರೆ, ಕುಪ್ಪಸದ ಖಣಕ್ಕೆ ಇದು ಬೇಡ. ಖಣವನ್ನು ಜನ ಕೊಳ್ಳುವುದು ಅದರ ಬಣ್ಣ, ದಡಿ, ನೇಯ್ಗೆಗೆ. ಆಸ್ಪತ್ರೆಯ ಪರದೆ, ಗಾಯದ ಬಟ್ಟೆ ನೇಯುವ ಮನಸ್ಸಿದ್ದರೆ ಅದು ಬೇರೆ ಮಾತು. ಅಲ್ಲಿ ಈ ಕೆಲಸಕ್ಕೆ ಅರ್ಥವಿದೆ.

ಅವ್ವಗ ಮೊಣಕಾಲ ಕೀಲು ಬದಲಿ ಮಾಡಿಸಬೇಕು. ಹಾಕಿದ ಲೋಹದ ಮ್ಯಾಲೆ ಸೋಂಕು ಆದ್ರ ಔಷಧ ನಾಟಂಗಿಲ್ಲ ಅಂತಾರ, ಖರೇನ?

ಅಪರೂಪ, ಆದರೆ ಆದಾಗ ಕಷ್ಟ. ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತವೆ. ಬಹಳ ದಿನ ತೊಳೆಯದ ನೀರಿನ ತೊಟ್ಟಿಯ ಗೋಡೆ ಮುಟ್ಟಿದರೆ ಜಾರುತ್ತದಲ್ಲ, ಅಂಥದ್ದು. ಒಳಗಿರುವವು ನಿಧಾನಕ್ಕೆ ಬೆಳೆಯುತ್ತವೆ. ಬೆಳೆಯುವವನ್ನೇ ಹಿಡಿಯುವ ಔಷಧಕ್ಕೆ ಅವು ಸಿಗುವುದಿಲ್ಲ. ಅದಕ್ಕೆ ಅಂಟದ ಹಾಗೆ ಮಾಡುವುದೇ ಜಾಣತನ. ಕೀಲು ಕೂರಿಸುವ ಸಿಮೆಂಟಿನಲ್ಲೇ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಬೆರೆಸುವ ರೂಢಿ ದಶಕಗಳಿಂದ ಇದೆ.

ಹೊಸ ದಾರಿ ಜೀರುಂಡೆಯಿಂದ (ಸಿಕಾಡಾ) ಬಂತು. ಒಂದು ಜಾತಿಯ ಜೀರುಂಡೆಯ ರೆಕ್ಕೆಯ ಮೇಲೆ ಸುಮಾರು 200 ನ್ಯಾನೊಮೀಟರ್ (ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್) ಎತ್ತರದ ಮೊಳೆಗಳ ಹಾಸಿಗೆ ಇದೆ. ಅದರ ಮೇಲೆ ಕೂತ ಬ್ಯಾಕ್ಟೀರಿಯಾದ ಪೊರೆ ಎಳೆದು ಹರಿದುಹೋಗುತ್ತದೆ. ಯಾವ ರಾಸಾಯನಿಕವೂ ಇಲ್ಲ. 2012ರಲ್ಲಿ ಆಸ್ಟ್ರೇಲಿಯಾದವರು ಇದನ್ನು ತೋರಿಸಿದ ಮೇಲೆ ಟೈಟಾನಿಯಂ ಮೇಲೆ ಅಂಥ ಮೊಳೆ ಬೆಳೆಸುವ ಪ್ರಯತ್ನ ನಡೆದಿದೆ. ದಪ್ಪ ಗೋಡೆಯ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅದು ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಕೀಲಿನ ಸೋಂಕಿಗೆ ಹೆಚ್ಚಾಗಿ ಕಾರಣ ಅದೇ. ಅವ್ವನ ಆಪರೇಷನ್‌ಗೆ ಮೊದಲು ಸಕ್ಕರೆ ಹಿಡಿತದಲ್ಲಿಡಿ. ಚರ್ಮದ ಗಾಯ, ಹಲ್ಲಿನ ಸೋಂಕು ಇದ್ದರೆ ಮೊದಲೇ ವಾಸಿ ಮಾಡಿಸಿ.

## ಹೊಸ ಚಿಕಿತ್ಸೆಗಳು

ಬ್ಯಾಕ್ಟೀರಿಯಾ ತಿನ್ನುವ ವೈರಸ್ ಇದೆಯಂತೆ. ಕೃಷ್ಣಾ ನದಿ ನೀರಲ್ಲೂ ಸಿಗುತ್ತಾ?

ಸಿಗುತ್ತದೆ. ಅಂಥ ವೈರಸ್ಸಿಗೆ ಫೇಜ್ ಅನ್ನುತ್ತಾರೆ. ಬ್ಯಾಕ್ಟೀರಿಯಾ ಇರುವಲ್ಲೆಲ್ಲ ಫೇಜ್ ಇರುತ್ತದೆ. ಚರಂಡಿ ನೀರಿನಲ್ಲಿ ಇನ್ನೂ ಜಾಸ್ತಿ. ಗಂಗಾ, ಯಮುನಾ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುವುದನ್ನು ಬ್ರಿಟಿಷ್ ವಿಜ್ಞಾನಿ ಹ್ಯಾಂಕಿನ್ 1896ರಲ್ಲೇ ಬರೆದಿದ್ದರು. 1917ರಲ್ಲಿ ಡಿ'ಹೆರೆಲ್ ಎಂಬ ವಿಜ್ಞಾನಿ ಇದಕ್ಕೆ ಬ್ಯಾಕ್ಟೀರಿಯೊಫೇಜ್ ಅಂತ ಹೆಸರಿಟ್ಟರು. ಆಂಟಿಬಯೋಟಿಕ್ ಬಂದ ಮೇಲೆ ಬೇರೆಯವರು ಮರೆತರೂ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಈ ಕೆಲಸ ನಿಲ್ಲಲಿಲ್ಲ. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಯಾವ ಔಷಧಕ್ಕೂ ಬಗ್ಗದ ಸೋಂಕಿನಿಂದ ಕೋಮಾದಲ್ಲಿದ್ದ ಪ್ರೊಫೆಸರ್ ಒಬ್ಬರು ಫೇಜ್ ಕೊಟ್ಟ ಮೇಲೆ ಬದುಕಿದರು. ಆಗ ಜಗತ್ತು ಮತ್ತೆ ಇತ್ತ ತಿರುಗಿತು.

ತೊಡಕು ಏನೆಂದರೆ ಫೇಜ್ ಬೀಗಕ್ಕೆ ತಕ್ಕ ಕೀಲಿಯಂಥದ್ದು. ನಿಮ್ಮ ಸೋಂಕಿನ ಬ್ಯಾಕ್ಟೀರಿಯಾಕ್ಕೆ ಹೊಂದುವ ಫೇಜ್ ಹುಡುಕಬೇಕು, ಬೆಳೆಸಿ ಶುದ್ಧ ಮಾಡಬೇಕು. ಬ್ಯಾಕ್ಟೀರಿಯಾ ಫೇಜ್‌ನಿಂದಲೂ ತಪ್ಪಿಸಿಕೊಳ್ಳಲು ಕಲಿಯುತ್ತದೆ, ಹಾಗಾಗಿ ಎರಡು ಮೂರು ಬೆರೆಸಿ ಕೊಡುತ್ತಾರೆ. ಹೊಳೆ ನೀರು ಕುಡಿದರೆ ಸೋಂಕು ವಾಸಿ ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ದಾಳಿಂಬೆ ಬೆಳೆಗಾರರಿಗೆ ಒಂದು ಮಾತು: ಟೊಮೆಟೊ, ಮೆಣಸಿನಕಾಯಿಯ ಜ್ಯಾಂಥೊಮೊನಾಸ್‌ಗೆ ಹೊಡೆಯುವ ಫೇಜ್ ದ್ರಾವಣಕ್ಕೆ ಅಮೆರಿಕದಲ್ಲಿ 2005ರಲ್ಲೇ ಅನುಮತಿ ಸಿಕ್ಕಿದೆ. ನಮ್ಮ ದಾಳಿಂಬೆಗೂ ಅಂಥದ್ದು ಬರಲಿ ಅಂತ ನನಗೆ ಬಹಳ ಆಸೆ.

ಮೊಬೈಲ್ ವರ್ಷಕ್ಕೊಂದು ಹೊಸದು ಬರುತ್ತೆ. ಆಂಟಿಬಯೋಟಿಕ್ ಯಾಕೆ ಬರೋದಿಲ್ಲ?

ಹುಡುಕುವುದು ಕಷ್ಟ, ಹುಡುಕಿದವರು ಬದುಕುವುದು ಇನ್ನೂ ಕಷ್ಟ. ಬಿಪಿ ಗುಳಿಗೆಯನ್ನು ಜೀವನ ಪೂರ್ತಿ ನುಂಗುತ್ತಾರೆ. ಆಂಟಿಬಯೋಟಿಕ್ ವಾರಕ್ಕೆ ಮುಗಿಯಿತು. ಹೊಸದಾದರೆ ಕೊನೆಗೆ ಇರಲಿ ಅಂತ ಡಾಕ್ಟರು ಎತ್ತಿಡುತ್ತಾರೆ. ಅದು ಸರಿಯೇ, ಆದರೆ ಕಂಪನಿಗೆ ಮಾರಾಟ ಇಲ್ಲ. ಪ್ಲಾಜೊಮೈಸಿನ್ ಎಂಬ ಔಷಧ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ಮಾಡಿದ ಅಕಾಜೆನ್ ಕಂಪನಿ ಮರುವರ್ಷವೇ ದಿವಾಳಿಯಾಯಿತು.

ನಮ್ಮ ದೇಶದಿಂದ ಒಳ್ಳೆಯ ಸುದ್ದಿ ಇದೆ. ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ ಎನ್ಮೆಟಾಜೊಬ್ಯಾಕ್ಟಮ್‌ಗೆ 2024ರ ಫೆಬ್ರುವರಿಯಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಅದು ಸೆಫೆಪಿಮ್ ಎಂಬ ಹಳೆಯ ಆಂಟಿಬಯೋಟಿಕ್‌ನ ಜೊತೆ ಹೋಗಿ, ಅದನ್ನು ಕತ್ತರಿಸಲು ಬರುವ ಕಿಣ್ವವನ್ನು ತಡೆಯುತ್ತದೆ. ಮುಂಬೈನ ವೊಕಾರ್ಡ್ ಬೆಳೆಸಿದ ನಾಫಿಥ್ರೊಮೈಸಿನ್ ನ್ಯುಮೋನಿಯಾಕ್ಕೆ ದಿನಕ್ಕೊಂದರಂತೆ ಮೂರೇ ದಿನದ ಔಷಧ. ಕಂಪ್ಯೂಟರಿಗೆ ಕಲಿಸಿ ಹುಡುಕುವ ಕೆಲಸವೂ ನಡೆದಿದೆ. 2020ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಹಾಗೆ ಹೆಕ್ಕಿ ತೆಗೆದ ಹ್ಯಾಲಿಸಿನ್ ಇಲಿಗಳಲ್ಲಿ ಕೆಲಸ ಮಾಡಿತು. ಇಲಿಯಿಂದ ಮನುಷ್ಯರವರೆಗಿನ ದಾರಿ ಉದ್ದ.

## ಸಂಶೋಧನೆಗೆ ಬರುವವರಿಗೆ

ಮೇಡಂ, ಎಂಎಸ್ಸಿ ಪ್ರಾಜೆಕ್ಟಿಗೆ ಎಲೆ ರಸದಿಂದ ಬೆಳ್ಳಿ ನ್ಯಾನೊಕಣ ಮಾಡಿದ್ದೀನಿ. ವರ್ತುಲ 18 ಮಿಲಿಮೀಟರ್ ಬಂದಿದೆ. ಪೇಪರ್ ಆಗುತ್ತಾ?

ಮೂರೂ ಜಿಲ್ಲೆಗಳ ಕಾಲೇಜುಗಳಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಬೇವು, ತುಳಸಿ, ನುಗ್ಗೆ, ದಾಳಿಂಬೆ ಸಿಪ್ಪೆ, ಎಲ್ಲದರಿಂದಲೂ ಮಾಡಿದ್ದಾರೆ. ಸಿಲ್ವರ್ ನೈಟ್ರೇಟಿಗೆ ಎಲೆ ರಸ ಹಾಕಿದಾಗ ತಿಳಿ ಹಳದಿ ದ್ರಾವಣ ಕಂದು ಬಣ್ಣಕ್ಕೆ ತಿರುಗುವುದು, ಬೆಳಕು ಹೀರುವುದನ್ನು ಅಳೆಯುವ ಗ್ರಾಫಿನಲ್ಲಿ 420 ನ್ಯಾನೊಮೀಟರ್ ಹತ್ತಿರ ಗುಡ್ಡ ಏಳುವುದು ನೋಡಲು ಸಂತೋಷವೇ. ನನಗೂ ಮೊದಲ ಸಲ ರೋಮಾಂಚನವಾಗಿತ್ತು. ಆದರೆ ಅಲ್ಲಿಗೆ ನಿಲ್ಲಿಸಿದರೆ ಗೊತ್ತಿದ್ದನ್ನೇ ಮತ್ತೊಂದು ಎಲೆಯಲ್ಲಿ ಬರೆದಂತೆ.

ನಾನು ಕೇಳುವುದು ಇಷ್ಟು. ಬರೀ ಎಲೆ ರಸ ಹಾಕಿ ನೋಡಿದೆಯಾ? ಬರೀ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದೆಯಾ? ಕಣಗಳನ್ನು ತೊಳೆದೆಯಾ? ತೊಳೆಯದಿದ್ದರೆ ಕೊಂದದ್ದು ಕಣವೋ, ಉಳಿದ ನೈಟ್ರೇಟಿನ ಬೆಳ್ಳಿಯೋ ಹೇಳಲು ಬರುವುದಿಲ್ಲ. ವರ್ತುಲದ ಅಳತೆಯನ್ನು ನಂಬಬೇಡ. ಕಣಗಳು ತಟ್ಟೆಯ ಅಗಾರ್ ಎಂಬ ಜೆಲ್ಲಿಯಲ್ಲಿ ಸರಿಯಾಗಿ ಹರಡುವುದಿಲ್ಲ. ದ್ರವದಲ್ಲಿ ಸಾಲು ಕೊಳವೆಗಳಿಟ್ಟು, ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ ಅಂದರೆ ಎಂಐಸಿ ಕಂಡುಹಿಡಿ. ಸಂಗ್ರಹದಿಂದ ತಂದ ಗುರುತಿನ ತಳಿ ಬಳಸು. ಗೊತ್ತಿರುವ ಆಂಟಿಬಯೋಟಿಕ್ ಒಂದನ್ನು ಪಕ್ಕದಲ್ಲಿಡು. ಮೂರು ಬೇರೆ ದಿನ ಮಾಡು.

ಎಲ್ಲಕ್ಕಿಂತ ಮುಖ್ಯ, ಅಷ್ಟೇ ಪ್ರಮಾಣ ಮನುಷ್ಯರ ಜೀವಕೋಶಕ್ಕೆ ಏನು ಮಾಡುತ್ತದೆ? ಕೆಂಪು ರಕ್ತಕಣ ಒಡೆಯುತ್ತದೆಯಾ? ಬ್ಲೀಚಿಂಗ್ ಪೌಡರ್ ಕೂಡ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದನ್ನು ಯಾರಾದರೂ ನರಕ್ಕೆ ಚುಚ್ಚುತ್ತಾರಾ? ನಿನ್ನ ಕಣ ಜೀವಕೋಶಕ್ಕೆ ಕೆಟ್ಟದು ಅಂತ ಕಂಡರೂ ಬೇಸರ ಬೇಡ. ಆ ಫಲಿತಾಂಶವನ್ನೂ ಹಾಗೇ ಬರೆ. ನೆಲ ಒರೆಸುವ ದ್ರಾವಣಕ್ಕೋ ನೀರಿನ ಫಿಲ್ಟರಿಗೋ ಅದು ಆಗಬಹುದು. ದುಡ್ಡು ತಗೊಂಡು ವಾರದಲ್ಲಿ ಪೇಪರ್ ಹಾಕಿಕೊಡುವವರ ಹತ್ತಿರ ಹೋಗಬೇಡ.

ನಮ್ಮ ಹೊಲದ ಎರೆ ಮಣ್ಣಿನಾಗ ಹೊಸ ಔಷಧ ಸಿಗಬಹುದೇನ್ರೀ?

ಸಿಗಬಹುದು. ಮೊದಲ ಮಳೆ ಬಿದ್ದಾಗ ಹೊಲದಿಂದ ಏಳುವ ವಾಸನೆ ಇದೆಯಲ್ಲ, ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ಮಾಡುವುದು ಸ್ಟ್ರೆಪ್ಟೊಮೈಸಿಸ್ ಗುಂಪಿನ ಮಣ್ಣಿನ ಬ್ಯಾಕ್ಟೀರಿಯಾ. ನಾವು ಬಳಸುವ ಆಂಟಿಬಯೋಟಿಕ್‌ಗಳಲ್ಲಿ ದೊಡ್ಡ ಪಾಲು ಬಂದದ್ದು ಇದೇ ಗುಂಪು ಮತ್ತು ಅದರ ನೆಂಟರಿಂದ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಹಾಗೆ. ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಬಹುಪಾಲು ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. 2015ರಲ್ಲಿ ಅಮೆರಿಕದವರು ಅವನ್ನು ಪುಟ್ಟ ಗೂಡುಗಳಲ್ಲಿ ಹಾಕಿ ಮತ್ತೆ ಮಣ್ಣಲ್ಲೇ ಹೂತು ಬೆಳೆಸಿದರು. ಹಾಗೆ ಟೀಕ್ಸೊಬ್ಯಾಕ್ಟಿನ್ ಎಂಬ ಹೊಸ ಆಂಟಿಬಯೋಟಿಕ್ ಸಿಕ್ಕಿತು.

ಇದನ್ನು ಮನೆಯಲ್ಲಿ ಮಾಡಬೇಡಿ, ಲ್ಯಾಬ್ ಬೇಕು. ಮಣ್ಣನ್ನು ನೆರಳಲ್ಲಿ ಒಣಗಿಸಿ, ನೀರಲ್ಲಿ ಕದಡಿ, ತೆಳು ಮಾಡಿ, ಪಿಷ್ಟ ಇರುವ ತಟ್ಟೆಯಲ್ಲಿ ಹರಡಿ ವಾರ ಹತ್ತು ದಿನ ಕಾಯಬೇಕು. ಸುಣ್ಣದ ಪುಡಿ ಉದುರಿಸಿದಂತೆ ಕಾಣುವ ಗಟ್ಟಿ ಚುಕ್ಕೆಗಳು ಏಳುತ್ತವೆ. ತಟ್ಟೆಯ ಮುಚ್ಚಳ ಚೂರು ಸರಿಸಿದರೆ ಅದೇ ಮಳೆಯ ವಾಸನೆ. ಅವು ಬೇರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆಯೇ ಅಂತ ನೋಡುವುದು ಸುಲಭದ ಭಾಗ. ಕೊಲ್ಲುವ ವಸ್ತು ಹೊಸದೋ, ಎಂಬತ್ತು ವರ್ಷದಿಂದ ಗೊತ್ತಿರುವುದೋ ಎಂಬುದನ್ನು ಬಿಡಿಸುವುದೇ ವರ್ಷಗಳ ಕೆಲಸ. ಹೆಚ್ಚಿನ ಸಲ ಹಳೆಯದೇ ಇರುತ್ತದೆ.

ಮಣ್ಣು ತರುವಾಗ ಚೀಲದ ಮೇಲೆ ಊರು, ಹೊಲದ ಹೆಸರು, ಎಷ್ಟು ಆಳದ್ದು, ಯಾವ ಬೆಳೆ ಇತ್ತು, ತಾರೀಖು ಎಲ್ಲ ಬರೆದು ತನ್ನಿ. ಒಮ್ಮೆ ಇಂಡಿ ಕಡೆಯ ಹುಡುಗಿಯೊಬ್ಬಳು ತಂದ ಮಣ್ಣಿನಲ್ಲಿ ಬಹಳ ಚೆನ್ನಾದ ಚುಕ್ಕೆ ಸಿಕ್ಕಿತು, ಆಮೇಲೆ ಅದು ತಟ್ಟೆಯಲ್ಲಿ ಸತ್ತುಹೋಯಿತು. ಚೀಲದ ಮೇಲೆ ಬರೀ "ಹೊಲ" ಅಂತ ಇತ್ತು. ಅವಳ ಅಪ್ಪನ ಹತ್ತಿರ ಮೂರು ಹೊಲ.